ದೊರೆ ಬಂಗಲೆಯನ್ನು ಮಳೆಗೆ ಬಿಡಬೇಡಿ

ಸಂಪಾದಕರೇ,

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರದವನು. ನಮ್ಮೂರಿನ ಗುಡ್ಡದ ಮೇಲೆ ಬ್ರಿಟಿಷರ ಕಾಲದ ಒಂದು ತೋಟದ ಬಂಗಲೆ ಇದೆ. ಎಲ್ಲರೂ ದೊರೆ ಬಂಗಲೆ ಅಂತಲೇ ಕರೆಯುತ್ತಾರೆ. ತೋಟ ಕೈ ಬದಲಾಗಿ ಬಂಗಲೆ ಸರ್ಕಾರಕ್ಕೆ ಸೇರಿತು, ಕೆಲವು ವರ್ಷ ಅಲ್ಲೊಂದು ಕಚೇರಿ ನಡೆಯಿತು, ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಬೀಗ ಬಿತ್ತು. ಈಗ ಅದನ್ನು ಕೆಡವಿ ಬೀಟೆ ಮರದ ಬಾಗಿಲು ಕಿಟಕಿಗಳನ್ನು ಹರಾಜು ಹಾಕ್ತಾರಂತೆ ಅನ್ನೋ ಮಾತು ಊರಲ್ಲಿ ಓಡಾಡುತ್ತಿದೆ. ಅದಕ್ಕೇ ಈ ಪತ್ರ.

ಕಳೆದ ವಾರ ಹೋಗಿ ನೋಡಿ ಬಂದೆ. ಹಿಂದಿನ ಜಗಲಿಯ ಮೇಲೆ ಆರೇಳು ಹಂಚು ಜಾರಿವೆ, ಅಷ್ಟೇ. ಆದರೆ ಅಷ್ಟು ಜಾಗದಲ್ಲಿ ಇಳಿದ ನೀರಿಗೆ ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಪೂರ್ತಿ ಕುಂಬಾಗಿದೆ. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತೆ. ಕೆಳಗೆ ಬಿದ್ದಿದ್ದ ಒಂದು ಹಂಚನ್ನು ತಿರುಗಿಸಿ ಪಾಚಿ ಒರೆಸಿದೆ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಅಚ್ಚು ಕಾಣಿಸಿತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ ಅವರದು. ಘಾಟಿ ಹತ್ತಿ ಬಂದ ಆ ಹಂಚು ಇನ್ನೂ ಗಟ್ಟಿಯಾಗಿದೆ. ತಟ್ಟಿದರೆ ಠಣ್ ಅನ್ನುತ್ತೆ.

ಗೋಡೆಯ ಕತೆ ಬೇರೆ. ಕಚೇರಿ ಇದ್ದಾಗ ಯಾರೋ ಒಂದು ಕಡೆ ಗೋಡೆಗೆ ಸಿಮೆಂಟ್ ಬಳಿಸಿದ್ದಾರೆ. ಊದಿಕೊಂಡು ಕಳಚಿ ಬೀಳ್ತಿರುವುದು ಅದೊಂದೇ ಗೋಡೆ. ಹಳೇ ಸುಣ್ಣದ ಗಾರೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತೆ. ರಿಪೇರಿ ಮಾಡಿಸುವವರು ದಯವಿಟ್ಟು ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನೇ ಕರೆಸಬೇಕು.

ಬಿಳಿಯರ ಮನೆ ನಮಗೇಕೆ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1834ರಲ್ಲಿ ಕೊಡಗನ್ನು ಕಿತ್ತುಕೊಂಡವರು ಅವರು. ನನ್ನ ಅಜ್ಜಿ ಇದೇ ತೋಟದಲ್ಲಿ ಕಾಫಿ ಕೊಯ್ದವರು. ಶನಿವಾರ ಬಂಗಲೆಯ ಮುಂದಿನ ಜಗಲಿಯಲ್ಲಿ ಕೂಲಿ ಬಟವಾಡೆ. ತೋಟದ ಲೆಕ್ಕ ಬರೆಯುವ ರೈಟರ್ ಹೆಸರು ಕೂಗುವವರೆಗೆ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಜನರೆಲ್ಲ ಮಳೆಯಿರಲಿ ಚಳಿಯಿರಲಿ ಅಂಗಳದಲ್ಲೇ ನಿಲ್ಲಬೇಕಿತ್ತು, ಮೆಟ್ಟಿಲು ಹತ್ತುವ ಹಾಗಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಆ ಅಂಗಳ, ಆ ಮೆಟ್ಟಿಲು ಎರಡೂ ಇವತ್ತಿಗೂ ಹಾಗೇ ಇವೆ. ಕೆಡವಿಬಿಟ್ಟರೆ ಅಜ್ಜಿ ನಿಂತ ಜಾಗ ಯಾವುದು ಅಂತ ನನ್ನ ಮಗಳಿಗೆ ನಾನು ಎಲ್ಲಿ ತೋರಿಸಲಿ?

2020ರಲ್ಲಿ ಶಾಲೆ ಮುಚ್ಚಿದಾಗ ಊರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಆ ಗುಡ್ಡದ ಮೇಲೆ ಮಾತ್ರ. ಲೈನ್ ಮನೆ ಮಕ್ಕಳೂ, ತೋಟದವರ ಮಕ್ಕಳೂ ಬಂಗಲೆಯ ಅದೇ ಜಗಲಿಯಲ್ಲಿ ಸಾಲಾಗಿ ಕೂತು ಮೊಬೈಲಲ್ಲಿ ಪಾಠ ಕೇಳಿದರು. ಮಳೆ ಜಾಸ್ತಿಯಾದರೆ ಗೋಡೆಗೆ ಒರಗಿ ಕೂರುತ್ತಿದ್ದರು. ಯಾರೂ ಅರ್ಜಿ ಹಾಕಲಿಲ್ಲ, ಉದ್ಘಾಟನೆ ಮಾಡಲಿಲ್ಲ, ಊರಿಗೆ ಅದು ಆಗಲೇ ಬೇಕಾಗಿತ್ತು ಅಲ್ವಾ? ಅದಕ್ಕೂ ಎರಡು ವರ್ಷ ಮೊದಲು, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಜನ ಶಾಲೆ, ಕಲ್ಯಾಣ ಮಂಟಪಗಳಲ್ಲಿ ದಿನ ಕಳೆದರು. ಆಗಲೂ ಈ ಬಂಗಲೆಗೆ ಬೀಗವೇ ಇತ್ತು.

ಮನಸ್ಸು ಮಾಡಿದರೆ ಆಗುತ್ತೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಚರ್ಚು ಇವತ್ತು ಸರ್ಕಾರಿ ವಸ್ತು ಸಂಗ್ರಹಾಲಯ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಎಷ್ಟೋ ವರ್ಷ ಆರ್‌ಟಿಒ ಕಚೇರಿಯಾಗಿತ್ತು, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ನಮ್ಮ ಬಂಗಲೆಯಲ್ಲಿ ಯಾವ ಜನರಲ್ಲೂ ಹುಟ್ಟಲಿಲ್ಲ, ನಿಜ. ನಾವು ಮ್ಯೂಸಿಯಂ ಕೇಳುತ್ತಲೂ ಇಲ್ಲ. ಓದುವ ಮಕ್ಕಳಿಗೆ ಒಂದು ಕೋಣೆ, ಸ್ತ್ರೀಶಕ್ತಿ ಸಂಘದವರು ಕೂರಲು ಹಜಾರ, ತೋಟದ ಹಳೇ ಫೋಟೋ, ಬಟವಾಡೆ ಪುಸ್ತಕ ಇಡಲು ಒಂದು ಮೂಲೆ, ಮಳೆಗಾಲದಲ್ಲಿ ಮನೆ ಬಿಟ್ಟು ಬಂದವರಿಗೆ ಒಣ ನೆಲ. ಅಷ್ಟು ಸಾಕು. ದಯವಿಟ್ಟು ಹೋಂಸ್ಟೇ ಮಾಡಲು ಗುತ್ತಿಗೆ ಕೊಡಬೇಡಿ, ಕೊಟ್ಟರೆ ಆ ಮೆಟ್ಟಿಲ ಕೆಳಗೆ ನಾವು ಮತ್ತೆ ನಿಲ್ಲಬೇಕಾಗುತ್ತೆ.

ಸಂಬಂಧಪಟ್ಟ ಇಲಾಖೆಗೆ ಮೂರು ಸಲ ಮನವಿ ಕೊಟ್ಟೆವು. ಉತ್ತರ ಬಂದಿಲ್ಲ. ದೊಡ್ಡ ಯೋಜನೆ ಆಮೇಲೆ ಆಗಲಿ, ಈಗ ಜೂನ್ ಮಳೆ ಹಿಡಿಯುವ ಮೊದಲು ಆ ಆರೇಳು ಹಂಚು ಕೂರಿಸಬೇಕು, ರೀಪು ಬದಲಿಸಬೇಕು. ಹಳೇ ಮನೆ ಬಿಚ್ಚಿದವರೊಬ್ಬರು ಅದೇ ಅಳತೆಯ ಹಂಚು ಕೊಡುತ್ತೇನೆ ಅಂದಿದ್ದಾರೆ, ಏಣಿ ನಮ್ಮ ಮನೆಯಲ್ಲಿದೆ, ಕೆಲಸಕ್ಕೆ ಊರಿನ ಹುಡುಗರು ಸಿದ್ಧ. ಇಲಾಖೆಯವರು ಒಂದು ಭಾನುವಾರದ ಮಟ್ಟಿಗೆ ಬೀಗದ ಕೈ ಕೊಡಲಿ.

ಇಂತಿ,
ನಿಮ್ಮ ಓದುಗ
ಸುಂಟಿಕೊಪ್ಪ ಸಮೀಪ, ಕೊಡಗು