ಅಮ್ಮನಿಗೆ ಪರೀಕ್ಷೆ ಇಡಬೇಡ

ಮಾಟುಂಗಾ, ಮುಂಬೈ

ಪ್ರೀತಿಯ ಸುಧೀರನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಎಂಆರ್‌ಐ ನಾರ್ಮಲ್ ಎಂದಿದೆ, ಆದರೂ ಅಮ್ಮ ಕೇಳಿದ್ದನ್ನೇ ಕೇಳುತ್ತಾಳೆ ಎಂದು ನಿನಗೆ ತಲೆಬಿಸಿ. ಎರಡೂ ನಿಜವಿರಬಹುದು. ಮಾಮೂಲಿ ಎಂಆರ್‌ಐಯಲ್ಲಿ ಕಾಣುವುದು ಮಿದುಳಿನ ಆಕಾರ. ಅದರ ಭಾಗಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಿವೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಅದಕ್ಕೆ ಫಂಕ್ಷನಲ್ ಎಂಆರ್‌ಐ ಬೇಕು. ನಾವು ಸುಮ್ನೆ ಮಲಗಿದ್ದಾಗಲೂ ಮಿದುಳಿನ ಕೆಲವು ಭಾಗಗಳು ಜೊತೆಜೊತೆಯಾಗಿ ಚುರುಕಾಗಿರುತ್ತವೆ. ಆ ಜಾಲಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅನ್ನುತ್ತಾರೆ. ಅದರ ಒಂದು ಮುಖ್ಯ ಕೂಡುಜಾಗ ತಲೆಯ ಹಿಂಬದಿಯಲ್ಲಿದೆ. ನಮ್ಮ ದಾದರ್ ರೈಲು ಸ್ಟೇಷನ್ ಇದ್ದ ಹಾಗೆ: ಅಲ್ಲಿ ಕೆಟ್ಟರೆ ಸೆಂಟ್ರಲ್ ಲೈನಿನವರೂ ವೆಸ್ಟರ್ನ್ ಲೈನಿನವರೂ ಒದ್ದಾಡಬೇಕು. ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯ ಶುರುವಿನಲ್ಲೇ ಈ ಜಾಗದಲ್ಲೂ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲೂ ಚಟುವಟಿಕೆ ಕುಗ್ಗಿರುತ್ತದೆ ಎಂದು ಅಮೆರಿಕದ ಮೈಕೆಲ್ ಗ್ರೈಶಿಯಸ್ ತಂಡ 2004ರಲ್ಲಿ ತೋರಿಸಿತು. ವಿಚಿತ್ರ ಅಂದರೆ, ಸಣ್ಣ ಮರೆವಿನ ಹಂತದಲ್ಲಿ ಕೆಲವರಿಗೆ ಕೆಲವು ಕಡೆ ಸಂಪರ್ಕ ಜಾಸ್ತಿಯೂ ಆಗಿರುತ್ತದೆ. ಆದ್ದರಿಂದ ಆ ಸ್ಕ್ಯಾನ್ ಸಂಶೋಧನೆಗೆ ಸರಿ, ಒಬ್ಬರಿಗೆ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ. ಅದಕ್ಕೆ ದುಡ್ಡು ಸುರಿಯಬೇಡ.

ಮೊದಲು ವಿಟಮಿನ್ ಬಿ12, ಥೈರಾಯ್ಡ್ ನೋಡಿಸು, ಮರೆವಿಗೆ ಇವೂ ಕಾರಣವಾಗಬಹುದು. ಅವಳು ಹುಟ್ಟಿದಾಗಿನಿಂದ ಸಸ್ಯಾಹಾರಿ, ಬಿ12 ಕಡಿಮೆ ಇದ್ದರೆ ಆಶ್ಚರ್ಯವಿಲ್ಲ. ಕಿವಿಯನ್ನೂ ತೋರಿಸು. ಕೇಳಿಸದ್ದನ್ನು ಮರೆತಿದ್ದಾಳೆ ಅಂತ ನಾವು ಲೆಕ್ಕ ಹಾಕುತ್ತೇವೆ, ಅಲ್ವಾ? ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ನ್ಯೂರಾಲಜಿಸ್ಟ್‌ಗೆ ಹೇಳು. ಸಣ್ಣ ಮರೆವು ಇರುವವರೆಲ್ಲ ಡಿಮೆನ್ಷಿಯಾಕ್ಕೆ, ಅಂದರೆ ದಿನದ ಕೆಲಸಕ್ಕೂ ಅಡ್ಡಿಯಾಗುವ ಮರೆವಿಗೆ, ಹೋಗುವುದಿಲ್ಲ, ಕೆಲವರು ಮೊದಲಿನಂತಾಗುವುದೂ ಉಂಟು.

ಇನ್ನೊಂದು, ಇದು ಸ್ವಲ್ಪ ಕಠಿಣ. ಫೋನಿನಲ್ಲಿ ನನಗೆ ಕೇಳಿಸುತ್ತಲೇ ಇರುತ್ತದೆ: "ಅಮ್ಮಾ, ಬೆಳಿಗ್ಗೆ ಏನು ತಿಂದೆ ಹೇಳು? ಇವತ್ತು ಯಾವ ವಾರ?" ಅವಳೇನು ಶಾಲೆಯ ಹುಡುಗಿಯೇ? ಉತ್ತರ ಬರದಿದ್ದರೆ ನಾಚಿಕೆಯಾಗಿ ಬಾಯಿ ಮುಚ್ಚುತ್ತಾಳೆ. ತರಕಾರಿಯವಳ ಹತ್ತಿರವೂ ಈಗ ನೀನೇ ಮಾತಾಡುತ್ತೀಯಂತೆ. ಬಿಡು ಅದನ್ನು. ತುಳು, ಕನ್ನಡ, ಮರಾಠಿ, ಹಿಂದಿ, ನಾಲ್ಕರಲ್ಲೂ ಚೌಕಾಸಿ ಮಾಡಿದ ಹೆಂಗಸು ಅವಳು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರ ತಂಡ ಡಿಮೆನ್ಷಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ಬರೆಯಿತು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಗ್ಯಾರಂಟಿ ಅಂತಲ್ಲ, ಆದರೆ ಅವಳ ಮಾತು ಕಿತ್ತುಕೊಳ್ಳಲು ನಮಗೆ ಕಾರಣವೂ ಇಲ್ಲ.

ಬ್ಯಾಂಕ್ ನಾಮಿನೇಷನ್, ಸಹಿ ಕೆಲಸಗಳನ್ನು ಅವಳ ಜೊತೆ ಕೂತು ಈಗಲೇ ಮುಗಿಸು. ಶನಿವಾರ ಅವಳನ್ನು ಇಲ್ಲಿಗೆ ಕಳಿಸು, ಅತ್ತೆ ಕಾಯುತ್ತಿದ್ದಾಳೆ.

ನಿನ್ನ ಮಾವ