ಕೋಚಿಗೆ ಈಗಲೇ ಬಣ್ಣ ಬಿಡಬೇಡ, ಮಗಳೇ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪ, ಮಾಡೆಲ್ ರೈಲು ಕೋಚಿನ ಕಿಟ್ ಬಂತು, ಶನಿವಾರ ಭಾನುವಾರ ಕೂತು ಮುಗಿಸಿ ಬಣ್ಣ ಬಿಡ್ತೇನೆ, ಯಾವ ನೀಲಿ ತಗೊಳ್ಳಲಿ?" ಅಂತ. ನಾನು ಹೂಂ ಹೂಂ ಅಂದುಬಿಟ್ಟೆ. ಹಂಚಿನ ಮೇಲೆ ಮಳೆ ಹೊಡೆಯುವ ಶಬ್ದಕ್ಕೆ ನೀನು ಹೇಳಿದ್ದು ಅರ್ಧ ಕೇಳಿಸಲೂ ಇಲ್ಲ. ಮಲಗಿದ ಮೇಲೆ ಹೊಳೆಯಿತು. ಎರಡು ದಿನದಲ್ಲಿ ಮುಗಿಸುವುದಾ ಮಾರಾಯ್ತಿ? ನನ್ನ ಮೊದಲ ಕೋಚಿಗೆ ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಏಳು ತಿಂಗಳು ಹೋದದ್ದು ನಾನು ಮಾಡಿದ್ದನ್ನು ನಾನೇ ಬಿಚ್ಚುವುದರಲ್ಲಿ.

ಹಾಗಾಗಿ ಬೆಳಿಗ್ಗೆ ಚಾ ಕುಡಿದು ಬರೆಯಲಿಕ್ಕೆ ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕ್ತೀ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಾವೆಲ್ಲ ಬೋಗಿ ಅನ್ನುವುದು ಜನ ಕೂರುವ ಇಡೀ ಡಬ್ಬಿಗೆ. ಕಿಟ್ ಜೊತೆ ಬರುವ ಕಾಗದದಲ್ಲಿ ಬೋಗಿ ಅಂದರೆ ಕೆಳಗಿನ ಚಕ್ರದ ಚೌಕಟ್ಟು ಮಾತ್ರ, ಒಂದು ಕೋಚಿಗೆ ಎರಡು. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಇಡೀ "ಬೋಗಿಯನ್ನು ಬೋಗಿಗೆ ಸ್ಕ್ರೂ ಮಾಡಿ" ಅಂತ ಓದಿಕೊಂಡು ತಲೆ ಕೆರೆದುಕೊಂಡಿದ್ದೆ.

ಅಳತೆ ನಿನಗೆ ಗೊತ್ತುಂಟು, ಆದರೂ ಹೇಳ್ತೇನೆ. ನಮ್ಮದು ಎಚ್‌ಒ, ಅಂದರೆ ಅಸಲಿ ಕೋಚಿನ 87ರಲ್ಲಿ ಒಂದು ಪಾಲು. ಪೆರಂಬೂರಿನ ರೈಲು ಕೋಚ್ ಕಾರ್ಖಾನೆ ಐಸಿಎಫ್‌ನಲ್ಲಿ ಕಟ್ಟಿದ ಹಳೇ ಕೋಚಿನ ಮೈ 21,337 ಮಿಲಿಮೀಟರ್ ಉದ್ದ. 87ರಿಂದ ಭಾಗಿಸಿದರೆ 245 ಬರುತ್ತದೆ, ಅಂದರೆ ನಿನ್ನ ಕೈಯಲ್ಲಿರುವುದು ಸುಮಾರು ಒಂದು ಗೇಣಿಗಿಂತ ಸ್ವಲ್ಪ ಉದ್ದ. ಹಳಿಯಲ್ಲಿ ಮಾತ್ರ ನಾವು ಸುಳ್ಳು ಹೇಳುತ್ತೇವೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಲೆಕ್ಕದ ಪ್ರಕಾರ 19 ಮಿಲಿಮೀಟರ್ ದಾಟಬೇಕು, ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5. ಡಬ್ಬಿ ನಮ್ಮೂರಿನದು, ಕಾಲು ಯುರೋಪಿನದು. ಎದುರಿನಿಂದ ನೋಡಿದರೆ ಕಾಲು ಸ್ವಲ್ಪ ಒಳಗೆ ಸೇರಿದ ಹಾಗೆ ಕಾಣುತ್ತದೆ, ಪಕ್ಕದಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಪಕ್ಕದಿಂದಲೇ ತೋರಿಸು.

ನಿನ್ನದು ತ್ರೀ-ಡಿ ಪ್ರಿಂಟ್ ಮಾಡಿದ ಕಿಟ್. ನನ್ನದು ಹಿತ್ತಾಳೆ. ನಿನಗೆ ಸೋಲ್ಡರ್ ಮಾಡುವ ಕೆಲಸವೇ ಇಲ್ಲ, ಆದರೂ ನನ್ನ ಕತೆ ಕೇಳಿಬಿಡು, ಇದನ್ನು ನಿನ್ನ ಅಮ್ಮ ಊರಿಗೆಲ್ಲ ಹೇಳಿ ಆಗಿದೆ, ನಿನಗೆ ಮಾತ್ರ ಸರಿಯಾಗಿ ಹೇಳಲಿಲ್ಲ.

ಬದಿಯಡ್ಕದ ಅಂಗಡಿಯಲ್ಲಿ ಮೂವತ್ತು ವರ್ಷ ರೇಡಿಯೋ ಟಿವಿ ರಿಪೇರಿ ಮಾಡಿದವನು ನಾನು. ಸೋಲ್ಡರಿಂಗ್ ಐರನ್ ಹಿಡಿದರೆ ಕಣ್ಣು ಮುಚ್ಚಿ ಕೆಲಸ ಮಾಡ್ತೇನೆ ಅನ್ನುವ ಜಂಬ ಇತ್ತು. ಅದೇ 25 ವಾಟಿನ ಐರನ್, ಅದೇ ಡಬ್ಬಿಯ ಪೇಸ್ಟ್ ಇಟ್ಟುಕೊಂಡು ಕೂತೆ. ಹಿತ್ತಾಳೆ ತಗಡಿಗೆ ಮುಟ್ಟಿಸಿದರೆ ಸೋಲ್ಡರ್ ಕರಗುವುದೇ ಇಲ್ಲ, ಕರಗಿದರೂ ಗೋಧಿ ಕಾಳಿನ ಹಾಗೆ ಗಟ್ಟಿ ಕೂರುತ್ತದೆ, ಹರಿಯುವುದಿಲ್ಲ. ರೇಡಿಯೋದಲ್ಲಿ ಬಿಸಿ ಮಾಡುವುದು ಒಂದು ಕೂದಲಿನಂಥ ಕಾಲನ್ನು. ಇಲ್ಲಿ ಒಂದು ಗೇಣು ಉದ್ದದ ತಗಡು ಇಡೀ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೊನೆಗೆ 60 ವಾಟಿನ ಐರನ್ ತಂದೆ, ಅಗಲ ಮೂತಿ ಹಾಕಿದೆ, ಪೇಸ್ಟ್ ಬಿಟ್ಟು, ಸೋಲ್ಡರ್ ಹರಿಯುವ ಹಾಗೆ ಮಾಡುವ ಆಸಿಡ್ ಫ್ಲಕ್ಸ್ ಹಚ್ಚಿದೆ. ಆಗ ನೋಡು, ಒಂದು ತುದಿಯಲ್ಲಿ ಮುಟ್ಟಿಸಿದರೆ ಸೋಲ್ಡರ್ ಸಂದಿನೊಳಗೆ ಬೆಳ್ಳಿ ಗೆರೆಯ ಹಾಗೆ ಓಡಿಹೋಯಿತು. ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತೆ.

ಆಸಿಡ್ ಫ್ಲಕ್ಸಿನಲ್ಲಿ ಒಂದು ಉಪದ್ರ ಉಂಟು. ಅದನ್ನು ಅದೇ ದಿನ ತೊಳೆಯದಿದ್ದರೆ ಮರುದಿನ ಬೆಳಿಗ್ಗೆ ಹಸಿರು ಹಿಡಿದಿರುತ್ತದೆ, ನಮ್ಮ ಕುಂಬಳೆಯ ಮಳೆಗಾಲದಲ್ಲಂತೂ ಸಂಜೆಗೇ. ಅಮ್ಮ ಶುಕ್ರವಾರ ದೀಪ ತಿಕ್ಕಲಿಕ್ಕೆ ಹುಣಸೆ ಹುಳಿ ನೆನೆ ಹಾಕಿದ್ದಳು. ಹಿತ್ತಾಳೆಗೆ ಹುಳಿಗಿಂತ ಒಳ್ಳೇದು ಯಾವುದು ಅಂತ ಕೋಚಿನ ಎರಡೂ ಬದಿಯ ತಗಡನ್ನು ಅದರೊಳಗೆ ಮುಳುಗಿಸಿಟ್ಟು ನಾನು ಸ್ನಾನಕ್ಕೆ ಹೋದೆ. ಬರುವಾಗ ಅಮ್ಮ ಅದನ್ನೂ ದೀಪದ ಜೊತೆ ಸೇರಿಸಿ ತೆಂಗಿನ ನಾರು ಹಾಕಿ ತಿಕ್ಕುತ್ತಾ ಇದ್ದಳು! ಚಿನ್ನದ ಹಾಗೆ ಹೊಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೂರು ಕಿಟಕಿಯ ಸರಳುಗಳು ಬಳುಕಿ ಹೋಗಿದ್ದವು. ಹುಳಿ ಸರಿ, ನಾರು ತಪ್ಪು. ಹಳೇ ಹಲ್ಲುಜ್ಜುವ ಬ್ರಷ್ ಸಾಕಿತ್ತು.

ನಿನ್ನ ಕಿಟ್‌ಗೆ ಬರೋಣ. ಪ್ರಿಂಟ್ ಆದ ಮೈಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡು. ತೆಳ್ಳಗೆ ಗೆರೆ ಗೆರೆ ಕಾಣುತ್ತದಲ್ಲ, ಹೊಲಿಗೆ ದಾರದ ಉಂಡೆಯ ಹಾಗೆ. ಯಂತ್ರ ಪದರ ಪದರವಾಗಿ ಕಟ್ಟಿದ ಗುರುತು ಅದು. ಬಣ್ಣ ಬಿಟ್ಟರೆ ಮುಚ್ಚಿಹೋಗುತ್ತದೆ ಅಂತ ನೀನು ತಿಳಿದಿದ್ದೀ, ಅಲ್ವಾ? ಬಣ್ಣ ಏನನ್ನೂ ಮುಚ್ಚುವುದಿಲ್ಲ. ಬರಿಗಣ್ಣಿಗೆ ಕಾಣದ ಗೆರೆಯನ್ನೂ ಎದ್ದು ತೋರಿಸುತ್ತದೆ, ಅದರಲ್ಲೂ ಆ ಕಡು ನೀಲಿ. 400 ನಂಬರಿನ ನೀರು ಕಾಗದ ತೆಗೆದುಕೋ, ಒಂದು ಸಣ್ಣ ಮರದ ತುಂಡಿಗೆ ಸುತ್ತಿ, ನೀರು ಮುಟ್ಟಿಸಿ ಉಜ್ಜು. ಆಮೇಲೆ 800. ಆಮೇಲೆ ಬೂದು ಪ್ರೈಮರ್ ತೆಳ್ಳಗೆ ಒಂದು ಕೋಟ್. ಪ್ರೈಮರ್ ಒಣಗಿದ ಮೇಲೆ ಮತ್ತೆ ಓರೆ ಹಿಡಿ. ಗೆರೆ ಕಂಡರೆ ಮತ್ತೆ ಉಜ್ಜು. ನಿನಗೆ ಸಿಟ್ಟು ಬರುವವರೆಗೆ ಇದನ್ನು ಮಾಡಬೇಕು, ಸಿಟ್ಟು ಬಂದ ಮೇಲೆ ಇನ್ನೊಂದು ಸಲ.

ಪ್ರೈಮರಿಗಿಂತ ಮೊದಲು ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು ಒಣಗಿಸು. ನಂತರ ಮೈಯನ್ನು ಬರಿಗೈಯಲ್ಲಿ ಹಿಡಿಯಬೇಡ, ಒಳಗಿನಿಂದ ಒಂದು ಕಡ್ಡಿಗೆ ಅಂಟಿಸಿ ಹಿಡಿ. ಬೆರಳಿನ ಎಣ್ಣೆ ಇರುವಲ್ಲಿ ಬಣ್ಣ ನಿಲ್ಲುವುದಿಲ್ಲ. ನಿನಗೆ ಕೆಲಸದ ನಡುವೆ ಬಾಳೆಕಾಯಿ ಚಿಪ್ಸ್ ತಿನ್ನುವ ಅಭ್ಯಾಸ ಉಂಟು, ಅದಕ್ಕೆ ಹೇಳಿದ್ದು.

ಸ್ಪ್ರೇ ಬಿಡುವುದನ್ನು ನಾನು ಕಲಿತದ್ದು ಅಡಿಕೆಗೆ ಮದ್ದು ಬಿಡುವವರನ್ನು ನೋಡಿ, ತಪ್ಪಾಗಿ ಕಲಿತದ್ದೂ ಅವರಿಂದಲೇ. ಅವರು ಕೈಯನ್ನು ಒಂದು ಕಡೆ ನಿಲ್ಲಿಸುವುದಿಲ್ಲ, ಗೊನೆಯ ಹೊರಗಿನಿಂದ ಶುರು ಮಾಡಿ ಗೊನೆಯನ್ನು ದಾಟಿಸಿ ಬಿಡುತ್ತಾರೆ. ಅದು ಸರಿ. ಕೋಚಿನ ಆಚೆ ಗಾಳಿಯಲ್ಲಿ ಒತ್ತಲು ಶುರು ಮಾಡು, ಒಂದೇ ವೇಗದಲ್ಲಿ ದಾಟಿಸು, ಈಚೆ ಗಾಳಿಯಲ್ಲಿ ಬಿಡು. ಆದರೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ತೊಟ್ಟಿಕ್ಕುವಷ್ಟು ತೋಯಿಸಬೇಕು, ಕೋಚಿಗೆ ಹಾಗೆ ಮಾಡಿದರೆ ಮುಗಿಯಿತು, ಬಣ್ಣ ಕಿಟಕಿ ಚೌಕಟ್ಟಿನಲ್ಲಿ ಹೊಂಡ ಕಟ್ಟಿ ಕೆಳಗೆ ಇಳಿಯುತ್ತದೆ. ಮೊದಲ ಕೋಟ್ ಬಿಟ್ಟಾಗ ಕೆಳಗಿನ ಬೂದು ಇನ್ನೂ ಕಾಣಬೇಕು. ಮೂರು ನಾಲ್ಕು ಸಲದಲ್ಲಿ ಮುಚ್ಚಲಿ.

ಮತ್ತೆ ಮಳೆ. ನಾನು ಜೂನ್ ತಿಂಗಳಲ್ಲಿ, ಚಾವಡಿಯಲ್ಲಿ, ಹೊರಗೆ ಧೋ ಅಂತ ಸುರಿಯುವಾಗ ಬಣ್ಣ ಬಿಟ್ಟೆ. ಹತ್ತು ನಿಮಿಷದಲ್ಲಿ ನೀಲಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯ ಹಾಗೆ ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ನನ್ನದು ಹಿತ್ತಾಳೆ, ಥಿನ್ನರಿನಲ್ಲಿ ಅದ್ದಿ ಎಲ್ಲ ಬಣ್ಣ ತೆಗೆದೆ. ನೀನು ಹಾಗೆ ಮಾಡಬೇಡ, ಪ್ಲಾಸ್ಟಿಕ್ ಅಪ್ಪಳದ ಹಾಗೆ ಮುದುಡಿ ಹೋದೀತು. ಚೆನ್ನೈಯಲ್ಲಿ ಈಗ ಇಲ್ಲಿಯ ಹಾಗೆ ಮಳೆ ಇಲ್ಲ ಅಂತೀ, ಸರಿ, ಆದರೆ ಸಮುದ್ರದ ಬದಿ ಸೆಕೆ ಸೆಕೆಯೇ. ಮಳೆ ಮೋಡ ಇಲ್ಲದ ದಿನ, ಬೆಳಿಗ್ಗೆ ಹತ್ತರ ಮೇಲೆ ಬಿಡು. ನಾನು ಡಿಸೆಂಬರಿಗೆ ಕಾದೆ.

ಯಾವ ನೀಲಿ ಅಂತ ಕೇಳಿದೆಯಲ್ಲ. ನೀನು ಹುಟ್ಟುವ ಹೊತ್ತಿಗೆ ಹಳೇ ಕೆಂಪು ಕೋಚುಗಳು ಹೋಗುತ್ತಾ ಇದ್ದವು, ಏರ್ ಬ್ರೇಕಿನ ನೀಲಿ ಕೋಚುಗಳು ತೊಂಬತ್ತರ ದಶಕದಲ್ಲಿ ಬಂದವು. ಕಡು ನೀಲಿ ಮೈ, ಕಿಟಕಿಯ ಸಾಲಿಗೆ ತಿಳಿ ನೀಲಿ ಪಟ್ಟಿ. ತಿಳಿ ಬಣ್ಣ ಮೊದಲು ಬಿಡು, ಅದು ಪೂರ್ತಿ ಗಟ್ಟಿಯಾಗಲಿ, ಎರಡು ದಿನವಾದರೂ. ಪಟ್ಟಿಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಅಂಚನ್ನು ಉಗುರಿನಿಂದ ಒತ್ತು. ಇಲ್ಲೊಂದು ಉಪಾಯ: ಟೇಪಿನ ಅಂಚಿಗೆ ಮತ್ತೊಮ್ಮೆ ಅದೇ ತಿಳಿ ನೀಲಿಯನ್ನೇ ತೆಳ್ಳಗೆ ಬಿಡು. ಎಲ್ಲಿ ಸಂದಿ ಇದ್ದರೂ ಅದೇ ಬಣ್ಣ ನುಗ್ಗಿ ಮುಚ್ಚುತ್ತದೆ, ಮೇಲೆ ಬಿಡುವ ಕಡು ನೀಲಿಗೆ ಒಳಗೆ ದಾರಿ ಇಲ್ಲ. ಟೇಪ್ ತೆಗೆಯುವಾಗ ಮೇಲಕ್ಕೆ ಕೀಳಬೇಡ, ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ನಿಧಾನ ಎಳೆ. ನಾನು ಇದನ್ನು ಮಾಡುವಾಗ ಅಮ್ಮ ಹಿಂದೆ ನಿಂತು ಉಸಿರು ಹಿಡಿದಿದ್ದಳು. ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಬಂತು. ನಾರಿನ ವಿಷಯ ಅವತ್ತಿಗೆ ಮಾಫಿ.

ಕಿಟಕಿಯ ಪಾರದರ್ಶಕ ಹಾಳೆಗೆ ಸೂಪರ್ ಗ್ಲೂ ಮುಟ್ಟಿಸಬೇಡ. ಅದರ ಹಬೆಗೇ ಹಾಳೆ ಮಂಜು ಹಿಡಿಯುತ್ತದೆ. ಬಿಳಿ ಗೋಂದು ಹಾಕು, ಒಣಗಿದರೆ ಕಾಣುವುದಿಲ್ಲ. ಅದೇ ಬಿಳಿ ಗೋಂದನ್ನು ನೆಲದೊಳಗೆ ಸೀಸದ ಭಾರ ಅಂಟಿಸಲಿಕ್ಕೆ ಮಾತ್ರ ಬಳಸಬೇಡ, ಸೀಸ ಅದರ ಜೊತೆ ಸೇರಿ ವರ್ಷಗಳಲ್ಲಿ ಉಬ್ಬುತ್ತದೆ, ನೆಲ ಬಿರಿಯುತ್ತದೆ. ಭಾರ ಬೇಕೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹೇಳುವ ಲೆಕ್ಕ ಒಂದು ಔನ್ಸು, ಅದರ ಮೇಲೆ ಉದ್ದದ ಇಂಚಿಗೆ ಅರ್ಧ ಔನ್ಸು. ನಮ್ಮ ಕೋಚಿಗೆ 165 ಗ್ರಾಮಿನ ಹತ್ತಿರ ಬರುತ್ತದೆ. ನಾನು ಸೈಕಲ್ ಅಂಗಡಿಯ ಹಳೇ ನಟ್ಟುಗಳನ್ನು ಹಾಕಿದೆ, ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ಬೋಗಿ ಎಡ ಬಲ ವಾಲುವ ಹಾಗೆ ಸಡಿಲ ಬಿಡು, ಇನ್ನೊಂದು ವಾಲಬಾರದು. ಮೂರು ಕಾಲಿನ ಮಣೆ ಅಲ್ಲಾಡುವುದಿಲ್ಲವಲ್ಲ, ಅದೇ ಲೆಕ್ಕ.

ಕೋಚಿನ ಅಡಿ ನನಗೆ ತುಂಬ ಇಷ್ಟದ ಜಾಗ. ಜನ ಯಾರೂ ನೋಡುವುದಿಲ್ಲ. ಹಳೇ ಸ್ಲೀಪರ್ ಕೋಚಿನ ಲೈಟು ಫ್ಯಾನಿಗೆ 110 ವೋಲ್ಟಿನ ಬ್ಯಾಟರಿ ಪೆಟ್ಟಿಗೆ, ಅದನ್ನು ಚಾರ್ಜ್ ಮಾಡಲಿಕ್ಕೆ ಚಕ್ರದ ಅಚ್ಚಿನಿಂದ ಬೆಲ್ಟಿನಲ್ಲಿ ತಿರುಗುವ ಆಲ್ಟರ್ನೇಟರ್. ಕಿಟ್‌ನಲ್ಲಿ ಬೆಲ್ಟ್ ಇರಲಿಲ್ಲ. ಅಮ್ಮನ ಹೊಲಿಗೆ ಡಬ್ಬಿಯ ಕಪ್ಪು ದಾರ ಕಟ್ಟಿದೆ. ರಿಪೇರಿಯವನಿಗೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕಾಣದಿದ್ದರೆ ನಿದ್ದೆ ಬರುವುದಿಲ್ಲ ಮಗಳೇ.

ನಂಬರ್ ಬರೆಯುವಾಗ ಮನಸ್ಸಿಗೆ ಬಂದದ್ದನ್ನು ಬರೆಯಬೇಡ. ಐದಂಕಿಯ ನಂಬರಿನಲ್ಲಿ ಮೊದಲ ಎರಡು ಕಟ್ಟಿದ ವರ್ಷ, ಉಳಿದ ಮೂರು ಕೋಚಿನ ಜಾತಿ. 201ರಿಂದ 400 ಸ್ಲೀಪರ್, ಅಲ್ಲಿಂದ 600ರ ತನಕ ಜನರಲ್. ನನ್ನ ಕೋಚಿನದು 98ರಿಂದ ಶುರು. ಯಾಕೆ ಅಂತ ನಿನ್ನ ಆಧಾರ್ ಕಾರ್ಡ್ ನೋಡಿಕೋ. ಅಕ್ಷರದ ಸ್ಟಿಕ್ಕರ್ ನೀರಿನಲ್ಲಿ ನೆನೆಸಿ ಜಾರಿಸುವಂಥದ್ದು. ಅದಕ್ಕೆ ಮೊದಲು ಹೊಳಪು ವಾರ್ನಿಶ್ ಬಿಡು, ಇಲ್ಲದಿದ್ದರೆ ಸುತ್ತ ಬಿಳಿ ಅಂಚು ಕಾಣುತ್ತದೆ. ಎಲ್ಲ ಒಣಗಿದ ಮೇಲೆ ಮಂಕು ವಾರ್ನಿಶ್.

ಕೊನೆಗೆ ಉಳಿದದ್ದು ಊರಿನ ಬೋರ್ಡು. ಮಲಬಾರ್ ಎಕ್ಸ್‌ಪ್ರೆಸ್ಸಿನದು, ಮಂಗಳೂರು–ತಿರುವನಂತಪುರ. ನೆನಪುಂಟಾ, ನಿನಗೆ ಆರು ವರ್ಷ ಇರುವಾಗ ನಾನು ಸ್ಪೇರ್ ಪಾರ್ಟ್ಸ್ ತರಲಿಕ್ಕೆ ಕೋಝಿಕ್ಕೋಡಿಗೆ ಹೊರಟಾಗ ನೀನು ಹಟ ಮಾಡಿ ಬಂದಿದ್ದೆ, ಕಾಸರಗೋಡು ಸ್ಟೇಷನ್ನಿನಲ್ಲಿ ಆ ಬೋರ್ಡಿನ ಮಂಗಳೂರನ್ನು ಅಕ್ಷರ ಕೂಡಿಸಿ ಓದಿ, "ಅಪ್ಪ ಇದು ಆಚೆ ಹೋಗುವ ರೈಲು, ಹತ್ತಬೇಡ" ಅಂತ ಗಲಾಟೆ ಮಾಡಿದ್ದೆ. ಆ ಬೋರ್ಡನ್ನು ಮಾಡುತ್ತೇನೆ ಅಂತ ಹೊರಟೆ. ಅಕ್ಷರ ಒಂದು ಮಿಲಿಮೀಟರ್ ಎತ್ತರ. ಇಂಗ್ಲಿಷ್ ಸರಿ ಬಂತು, ಹಿಂದಿಯೂ ಅಡ್ಡಿಯಿಲ್ಲ. ಕನ್ನಡದ "ಳೂ" ಮಾತ್ರ ಮೂರು ಪ್ರಿಂಟಿಂಗ್ ಅಂಗಡಿಯಲ್ಲೂ ಕಪ್ಪು ಇರುವೆಯ ಹಾಗೇ ಬಂತು. ಕೊನೆಗೆ ಹಳೇ ವಾಚ್ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಒಂದೇ ಕೂದಲಿನ ಬ್ರಷ್‌ನಿಂದ ನಾನೇ ಬರೆದೆ. ಹದಿನಾಲ್ಕನೆಯ ಸಲಕ್ಕೆ ಓದಲಿಕ್ಕೆ ಬಂತು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, "ಮಂಗಳೂರು" ಅಂದಳು. ನಾನು ಮೊದಲೇ ಹೇಳಿದ್ದಕ್ಕೆ ಅಂದಳೋ ಓದಿಯೇ ಅಂದಳೋ ಗೊತ್ತಿಲ್ಲ.

ಬಳುಕಿದ ಮೂರು ಕಿಟಕಿಯನ್ನು ಹಾಗೇ ಬಿಟ್ಟಿದ್ದೇನೆ. ಅದರ ಪಕ್ಕದ್ದೇ ಸರಳಿಲ್ಲದ ತುರ್ತು ಕಿಟಕಿ, ನೀನು ಕೋಝಿಕ್ಕೋಡಿನ ತನಕ ತಲೆ ಹೊರಗೆ ಹಾಕಲಿಕ್ಕೆ ನೋಡಿ ಬೈಸಿಕೊಂಡದ್ದು.

ಈ ಶನಿವಾರ ಉಜ್ಜುವ ಕೆಲಸ ಮಾತ್ರ ಮಾಡು. ಪ್ರೈಮರ್ ಬಿಟ್ಟ ಮೇಲೆ ಓರೆ ಬೆಳಕಿನಲ್ಲಿ ಒಂದು ಫೋಟೋ ಕಳಿಸು, ಮೇಲಿನಿಂದ ತೆಗೆದು ನನ್ನನ್ನು ಮಂಗ ಮಾಡಬೇಡ. ನೀಲಿಯ ಡಬ್ಬಿ ನನ್ನಲ್ಲಿ ಅರ್ಧಕ್ಕಿಂತ ಜಾಸ್ತಿ ಉಂಟು, ಹೊಸತು ತರಬೇಡ. ಓಣಂಗೆ ಬರುವಾಗ ಕೋಚನ್ನೇ ತೆಗೆದುಕೊಂಡು ಬಾ, ಅಷ್ಟರಲ್ಲಿ ಇಲ್ಲಿ ಬಿಸಿಲು ಬಂದರೆ ಒಟ್ಟಿಗೆ ಬಣ್ಣ ಬಿಡೋಣ, ಬರದಿದ್ದರೆ ಕೋಚನ್ನು ಇಲ್ಲೇ ಬಿಟ್ಟು ಹೋಗು. ಮತ್ತೆ ಬರುವಾಗ ಅರ್ಧ ಮಿಲಿಮೀಟರಿನ ಡ್ರಿಲ್ ಬಿಟ್ ನಾಲ್ಕು ತಾ. ಮಾಡಿನ ಮೇಲೆ ವೆಂಟಿಲೇಟರ್ ಕೂರಿಸುವಾಗ ನನ್ನಲ್ಲಿದ್ದ ಎಲ್ಲವೂ ತುಂಡಾಯಿತು, ಕಾಸರಗೋಡಿನಲ್ಲಿ ಕೇಳಿದರೆ ಗೋಡೆಗೆ ತೂತು ಹಾಕುವುದನ್ನು ಕೊಡುತ್ತಾರೆ.

ಇತಿ,
ಅಪ್ಪ