ಟಿಕೆಟ್ ಕೌಂಟರಿನಿಂದ ಬಂದ ಸ್ಟುಡಿಯೋ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಯೂನಿವರ್ಸಲ್ ಸ್ಟುಡಿಯೋ ಬಗ್ಗೆ ಬಂದ ಲೇಖನ ಓದಿದೆ. ಕ್ಯಾಲಿಫೋರ್ನಿಯಾದ ಬಿಸಿಲು, ಬೆಟ್ಟ, ಡ್ರಾಕುಲಾ ಎಲ್ಲ ಇತ್ತು. ಅದನ್ನು ಕಟ್ಟಿದ ಕಾರ್ಲ್ ಲೆಮ್ಲೆಗೆ ಮಾತ್ರ ಒಂದೇ ಸಾಲು. ನಾನು ಟೂರಿಂಗ್ ಟಾಕೀಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದವನು. ನಮ್ಮ ಕಸುಬಿನವನನ್ನು ಹೀಗೆ ಬದಿಗೆ ಸರಿಸಿದರೆ ಸುಮ್ನೆ ಇರುವುದು ಹೇಗೆ?

ಲೆಮ್ಲೆ ಜರ್ಮನಿಯ ಲೌಪ್‌ಹೈಮ್‌ ಊರಿನ ಯಹೂದಿ ಹುಡುಗ. 1884ರಲ್ಲಿ, 17ನೇ ವಯಸ್ಸಿಗೆ, ಅಮೆರಿಕಕ್ಕೆ ಹೋದ. ಮುಂದೆ ಬಟ್ಟೆ ಅಂಗಡಿಯೊಂದರ ಮ್ಯಾನೇಜರ್ ಆದ. ಸ್ವಂತ ಅಂಗಡಿ ಹಾಕಲು ಷಿಕಾಗೋಗೆ ಬಂದಾಗ ಐದು ಸೆಂಟಿನ ಚಿತ್ರಮಂದಿರದ ಮುಂದೆ ನಿಂತ ಜನ ಕಣ್ಣಿಗೆ ಬಿದ್ದರು. ತಲೆ ಎಣಿಸಿದ. 1906ರಲ್ಲಿ ಬಟ್ಟೆ ಬಿಟ್ಟು ಚಿತ್ರಮಂದಿರ ತೆರೆದ.

ಆಗ ಚಿತ್ರ ತೆಗೆಯುವ, ತೋರಿಸುವ ಮೆಷೀನುಗಳ ಮುಖ್ಯ ಪೇಟೆಂಟುಗಳು ಎಡಿಸನ್ ಮುಂದಾಳತ್ವದ ಕಂಪನಿಗಳ ಕೂಟದ ಕೈಯಲ್ಲಿ. ಚಿತ್ರಮಂದಿರದವರು ವಾರಕ್ಕೆ ಎರಡು ಡಾಲರ್ ಕಟ್ಟಬೇಕಿತ್ತು. ಮೆಷೀನ್ ಕಾಸು ಕೊಟ್ಟು ತಂದಿದ್ದರೂ ಸರಿ! 1909ರಲ್ಲಿ ಲೆಮ್ಲೆ ಆಗಲ್ಲ ಎಂದ. ಅವರ ರೀಲು ನಿಂತಿತು. ಪರದೆ ಖಾಲಿ ಬಿಡಲು ಆಗುತ್ತದೆಯೇ? ತಾನೇ ಚಿತ್ರ ತೆಗೆಯಲು ಶುರು ಮಾಡಿದ. ಕೂಟದವರು ಇನ್ನೂರಕ್ಕೂ ಹೆಚ್ಚು ಕೇಸು ಹಾಕಿದರು. ಇವನು ಬಗ್ಗಲಿಲ್ಲ. 1912ರಲ್ಲಿ ಇನ್ನೂ ಕೆಲವು ಸಣ್ಣ ಕಂಪನಿಗಳು ಇವನ ಜೊತೆ ಸೇರಿ ಯೂನಿವರ್ಸಲ್ ಆಯಿತು. ಕೂಟವೇ ಕಾನೂನುಬಾಹಿರ ಎಂದು ಕೋರ್ಟು ಹೇಳಿದ್ದು 1915ರಲ್ಲಿ.

ಆಸಾಮಿ ಸಾಧುವೇನಲ್ಲ. ನಟರ ಹೆಸರು ಹಾಕಿದರೆ ಸಂಬಳ ಜಾಸ್ತಿ ಕೇಳುತ್ತಾರೆಂದು ಕಂಪನಿಗಳು ಹೆಸರೇ ಹಾಕದ ಕಾಲ ಅದು. 1910ರಲ್ಲಿ ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿ ಅಪಘಾತದಲ್ಲಿ ಸತ್ತಳೆಂದು ಸುದ್ದಿ ಹಬ್ಬಿತು. ಲೆಮ್ಲೆ ಕೂಡಲೇ ಜಾಹೀರಾತು ಕೊಟ್ಟ: ಅದು ಸುಳ್ಳು, ಆಕೆ ನಮ್ಮ ಕಂಪನಿಯಲ್ಲಿದ್ದಾಳೆ. ಸುದ್ದಿ ಹಬ್ಬಿಸಿದವನೂ ಅವನೇ ಅಂತಾರೆ. ವಾಟ್ಸ್ಯಾಪ್ ಇಲ್ಲದೆಯೇ ಇಷ್ಟು, ಅಲ್ವಾ!

1915ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೆಮ್ಲೆಯ ದೊಡ್ಡ ಸ್ಟುಡಿಯೋ, ಯೂನಿವರ್ಸಲ್ ಸಿಟಿ, ತೆರೆಯಿತು. ಶೂಟಿಂಗ್ ನೋಡಲು ಬಂದವರಿಗೂ 25 ಸೆಂಟಿನ ಟಿಕೆಟ್. ಮೂಕಿ ಚಿತ್ರ ತಾನೇ, ಜನ ಎಷ್ಟು ಕೂಗಿದರೂ ನಷ್ಟವಿಲ್ಲ. ಟಾಕಿ ಬಂದ ಮೇಲೆ ಗಲಾಟೆಗೆ ಹೆದರಿ ಅದನ್ನು ನಿಲ್ಲಿಸಿದರು. ಮತ್ತೆ ಶುರುವಾದದ್ದು 1964ರಲ್ಲಿ, ಬೇರೆ ಮಾಲೀಕರ ಕಾಲಕ್ಕೆ. ನಿಮ್ಮ ಲೇಖನ ಕೊಂಡಾಡಿದ ಥೀಮ್ ಪಾರ್ಕಿನ ಬೇರು ಇಲ್ಲಿದೆ.

1929ರಲ್ಲಿ 21 ತುಂಬಿದ ಮಗನ ಕೈಗೆ ಸ್ಟುಡಿಯೋ ಕೊಟ್ಟ. ಒಳ್ಳೆಯ ಚಿತ್ರಗಳು ಬಂದವು, ಖರ್ಚೂ ಏರಿತು. 1936ರಲ್ಲಿ ಸಾಲದ ದೆಸೆಯಿಂದ ಸ್ಟುಡಿಯೋ ಕೈತಪ್ಪಿತು. ಆಮೇಲೆ ಹಿಟ್ಲರನ ಜರ್ಮನಿಯಿಂದ ಯಹೂದಿಗಳನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಜಾಮೀನು ಪತ್ರ ಬರೆಯುವುದರಲ್ಲೇ ಮುಳುಗಿದ. ನೂರಾರು ಮಂದಿ ಹಾಗೆ ಬದುಕಿಕೊಂಡರು. 1939ರಲ್ಲಿ ತೀರಿಕೊಂಡ.

ಮುಂದಿನ ಸಲ ಅವನದೊಂದು ಫೋಟೋನಾದರೂ ಹಾಕಿ. ಕುಳ್ಳ ಮನುಷ್ಯ, ಜಾಸ್ತಿ ಜಾಗ ಹಿಡಿಯುವುದಿಲ್ಲ.

ಇಂತಿ,
ಹಳೆಯ ಟಿಕೆಟ್ ಹರಿಯುವವ, ತಿಪಟೂರು